ಮೇಷ್ಟ್ರ ಎಂಬತ್ನಾಲ್ಕು ವೇಷ

ಒಂದು ಬುಧವಾರ ಬೆಳಿಗ್ಗೆ ಗಣಿತದ ಮೇಷ್ಟ್ರ ಕಂದು ಗೆರೆಯ ಶರ್ಟಿನ ಮೇಲೆ ಅರ್ಧ ಲೋಟ ಕಾಫಿ ಬಿತ್ತು. ಬೀಳಿಸಿಕೊಂಡವರು ಅವರೇ. ಆದರೆ ಲೋಟವನ್ನು ಮೊಣಕೈಗೆ ತಾಗುವಂತೆ ಇಟ್ಟವರು ಯಾರು ಎಂಬ ಬಗ್ಗೆ ಆ ಮನೆಯಲ್ಲಿ ಇಂದಿಗೂ ಒಮ್ಮತವಿಲ್ಲ. ಹೊತ್ತಾಗಿತ್ತು. ಬೀರುವಿನಲ್ಲಿ ಪಕ್ಕದ ಹ್ಯಾಂಗರಿಗೆ ಜೋತುಬಿದ್ದಿದ್ದ ಬಿಳಿ ಶರ್ಟನ್ನು ಸಿಕ್ಕಿಸಿಕೊಂಡು ಮೇಷ್ಟ್ರು ಶಾಲೆಗೆ ಓಡಿದರು. ನಡೆದದ್ದು ಇಷ್ಟೇ. ಇಷ್ಟಕ್ಕೇ ನಾನೂರು ಮಕ್ಕಳ ಒಂದು ಶಾಲೆ ತಲೆಕೆಳಗಾಗಬಹುದೆಂದು ಯಾವ ಗಣಿತದ ಪುಸ್ತಕದಲ್ಲೂ ಬರೆದಿರಲಿಲ್ಲ.

ಗೇಟಿನ ಬಳಿ ಕಪ್ಪು ಹಲಗೆಯ ಮೇಲೆ ದಿನಾ ವಾರದ ಹೆಸರು ಬರೆಯುವುದು ಕಾವಲುಗಾರನ ಕೆಲಸ. ಅವನು ಮೇಷ್ಟ್ರನ್ನು ಕೊರಳಿಂದ ಸೊಂಟದವರೆಗೆ ಒಮ್ಮೆ ನೋಡಿದ, ನಮಸ್ಕಾರ ಹೊಡೆದ, ಸೀಮೆಸುಣ್ಣ ಎತ್ತಿಕೊಂಡು ದುಂಡಗೆ 'ಗುರುವಾರ' ಎಂದು ಬರೆದ. ಗಂಟೆ ಬಾರಿಸುವಾತ ಅದನ್ನು ನೋಡಿ ಗುರುವಾರದ ಲೆಕ್ಕದಲ್ಲಿ ಗಂಟೆ ಬಾರಿಸಿದ. ಗುರುವಾರ ಮೊದಲ ಪೀರಿಯಡ್ ಆಟ. ಮೂರು ತರಗತಿಗಳು ಹೋ ಎಂದು ಮೈದಾನಕ್ಕೆ ನುಗ್ಗಿದವು. ಹೆಡ್ ಮೇಡಂ ತಮ್ಮ ಕಿಟಕಿಯಿಂದ ಬಿಳಿ ಶರ್ಟು ಹಾದುಹೋದದ್ದನ್ನು ಕಂಡು, ಗುರುವಾರದ ಶಿಕ್ಷಕರ ಸಭೆಗೆಂದು ಮೇಲಿನ ಕೋಣೆಗೆ ಹೋಗಿ, ಖಾಲಿ ಕುರ್ಚಿಗಳ ಮುಂದೆ ಅರ್ಧ ಗಂಟೆ ಸಿಟ್ಟಿನಲ್ಲಿ ಕುದಿದು, ಹನ್ನೊಂದು ಜನ ಶಿಕ್ಷಕರಿಗೆ ಕಾರಣ ಕೇಳಿ ನೋಟಿಸು ಬರೆದರು. (ಅವುಗಳಲ್ಲಿ ಒಂದು ಮೇಷ್ಟ್ರಿಗೂ ಬಂತು.)

ವಿಚಾರಣೆ ನಡೆಯಿತು.

"ನಾನೇನು ಮಾಡ್ಲಿ ಮೇಡಂ," ಎಂದ ಕಾವಲುಗಾರ. "ಸಾರ್ ಬಿಳಿ ಶರ್ಟು ಹಾಕ್ಕೊಂಡು ಬಂದ್ರು. ಬಿಳಿ ಅಂದ್ರೆ ಗುರುವಾರ."

"ಹೌದಲ್ಲ, ನಾನೂ ಅದನ್ನೇ ನೋಡಿದ್ದು," ಎಂದರು ಹೆಡ್ ಮೇಡಂ. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಮೇಷ್ಟ್ರೇ, ಇನ್ಮೇಲಾದ್ರೂ ಸ್ವಲ್ಪ ನೋಡಿ ಹಾಕ್ಕೊಳ್ಳಿ. ಇಡೀ ಶಾಲೆಯ ಪ್ರಶ್ನೆ ಇದು," ಎಂದು ಮೆಲ್ಲಗೆ ಗದರಿದರು.

ಕಿಟಕಿಯ ಆಚೆ ನಿಂತು ಕೇಳುತ್ತಿದ್ದ ಗುಂಪಿನಿಂದ ಯಾವನೋ ಒಬ್ಬ ಕೂಗಿದ: "ಕ್ಯಾಲೆಂಡರ್ ಸರ್ ಇವತ್ತು ಒಂದು ಹಾಳೆ ಜಾಸ್ತಿ ಹರಿದುಬಿಟ್ಟಿದ್ದಾರೆ!"

ಗೋಡೆ ನಕ್ಕಿತು, ಮೈದಾನ ನಕ್ಕಿತು, ಹೆಡ್ ಮೇಡಂ ಕೆಮ್ಮಿದರು. ಹತ್ತೊಂಬತ್ತು ವರ್ಷ ಪಾಠ ಹೇಳಿದ ಮನುಷ್ಯ ಆ ದಿನ ಮೊದಲ ಬಾರಿಗೆ ತನ್ನ ಅಡ್ಡಹೆಸರನ್ನು ಕೇಳಿಸಿಕೊಂಡರು.

ಸಂಜೆ ಮನೆಗೆ ಬಂದವರು ಚಪ್ಪಲಿ ಸಹ ಬಿಡಲಿಲ್ಲ. ಮೇಷ್ಟ್ರ ಹೆಂಡತಿ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು, ಬೀದಿಯವರೆಲ್ಲರ ಬಟ್ಟೆಗಳನ್ನು ಬಿಗಿ ಮಾಡಿ ಸಡಿಲ ಮಾಡಿ ಕೊಡುವಾಕೆ. ಆಗ ಯಾರದೋ ಪ್ಯಾಂಟಿನ ಅಂಚು ಮಡಿಸುತ್ತಿದ್ದಳು.

"ನನ್ನನ್ನ ಕ್ಯಾಲೆಂಡರ್ ಅಂತಾರೆ ಅನ್ನೋದು ನಿನಗೆ ಗೊತ್ತಿತ್ತಾ?"

ಆಕೆ ತುಟಿಯಲ್ಲಿ ಕಚ್ಚಿಕೊಂಡಿದ್ದ ಎರಡು ಗುಂಡುಸೂಜಿಗಳನ್ನು ತೆಗೆದಳು. "ಎಂಟು ವರ್ಷದಿಂದ ಗೊತ್ತು. ಪಕ್ಕದ ಮನೆಯವರು ಕಸದ ಬುಟ್ಟಿ ಹೊರಗಿಡೋದೇ ನಿಮ್ಮ ನೀಲಿ ಶರ್ಟು ನೋಡಿ."

"ಮತ್ತೆ ನನಗೆ ಹೇಳಲಿಲ್ಲ?"

"ಹೇಳಿದ್ರೆ ನೀವು ಬೇಜಾರು ಮಾಡ್ಕೊಂಡು ಏನಾದ್ರೂ ಯೋಜನೆ ಹಾಕ್ತೀರಾ. ಅದಕ್ಕಿಂತ ಕ್ಯಾಲೆಂಡರೇ ವಾಸಿ ಅಂತ ಸುಮ್ಮನಿದ್ದೆ."

"ಇದಕ್ಕೆಲ್ಲ ಕಾರಣ ನೀನೇ! ಪ್ರತಿ ಭಾನುವಾರ ಐದು ಶರ್ಟು ಇಸ್ತ್ರಿ ಮಾಡಿ ಅದೇ ಸಾಲಿನಲ್ಲಿ ನೇತುಹಾಕಿದ್ರೆ ಇನ್ನೇನಾಗುತ್ತೆ? ನೀಲಿ, ಕೆನೆ, ಕಂದು ಗೆರೆ, ಬಿಳಿ, ಬೂದು. ಮನುಷ್ಯ ಎಡದಿಂದ ಒಂದೊಂದೇ ತಗೊಳ್ತಾನೆ!"

"ಏನ್ ಹೇಳಿದ್ರಿ? ನಾನಾ?" ಹೊಲಿಗೆ ಯಂತ್ರ ನಿಂತಿತು. "ಮದುವೆಯಾದ ಮೊದಲನೇ ವಾರ ಹೇಗೆ ಬಂತೋ ಹಾಗೆ ನೇತುಹಾಕಿದ್ದೆ. ಎರಡನೇ ವಾರ ಅದಲುಬದಲಾಗಿತ್ತು. ನೀವೇ ಅಡುಗೆಮನೆ ತನಕ ಬಂದು, 'ನೋಡು, ಕ್ರಮ ತಪ್ಪಿದೆ' ಅಂದ್ರಿ. ಹೊಸ ಸೊಸೆ ನಾನು, ಹೆದರಿಕೊಂಡು ಸರಿ ಮಾಡಿದೆ. ಆವತ್ತಿಂದ ತಪ್ಪಿಸಿಲ್ಲ."

ಮೇಷ್ಟ್ರು ಚಪ್ಪಲಿ ಬಿಟ್ಟರು. ಅಷ್ಟರಲ್ಲಿ ಒಂಬತ್ತನೇ ತರಗತಿಯ ಮಗಳು ತಲೆಬಾಗಿಲಿನಿಂದಲೇ ಇನ್ನೊಂದು ಬಾಂಬು ಎಸೆದಳು. (ಅದೇ ಶಾಲೆ. ಮನೆಯಲ್ಲಿ ಅವರು ಅಪ್ಪ, ಶಾಲೆಯಲ್ಲಿ ಸರ್, ಗೆಳತಿಯರ ನಡುವೆ ಏನೋ ಆಕೆಗೇ ಗೊತ್ತು.)

"ಅಪ್ಪಾ, ಶಾಲೆಗೆ ಇಪ್ಪತ್ತೈದು ವರ್ಷ ಆಯ್ತು ಅಂತ ವಿಶೇಷ ಸಂಚಿಕೆ ತರ್ತಾರಲ್ಲ, ಅದರಲ್ಲಿ ಪ್ರತಿಯೊಬ್ಬ ಟೀಚರ್ ಫೋಟೋ ಕೆಳಗೆ ಮಕ್ಕಳು ಒಂದು ಸಾಲು ಬರೀಬೇಕು. ನಿಮ್ಮದು ಆಗಲೇ ನಿರ್ಧಾರ ಆಗಿದೆ."

"ಏನಂತ?"

"'ನಮ್ಮ ಕ್ಯಾಲೆಂಡರ್. ಮೊಳೆ ಬೇಕಿಲ್ಲ.'"

ಮೇಷ್ಟ್ರು ಕುರ್ಚಿಯಲ್ಲಿ ಕುಸಿದರು. ವಿಶೇಷ ಸಂಚಿಕೆ ಎಂದರೆ ದಪ್ಪ ಕಾಗದ, ಬಣ್ಣದ ಮುಖಪುಟ. ಗ್ರಂಥಾಲಯದ ಗಾಜಿನ ಕಪಾಟಿನಲ್ಲಿ ಸೂರ್ಯಚಂದ್ರರಿರುವ ತನಕ ಇರುವ ವಸ್ತು. ಸಮೀಕರಣಗಳನ್ನು ಬಿಡಿಸಿಕೊಟ್ಟ ಹತ್ತೊಂಬತ್ತು ವರ್ಷ ಒಂದು ಮೊಳೆಯ ಲೆಕ್ಕದಲ್ಲಿ ಮುಗಿದುಹೋಗುವುದೇ?

"ಅಚ್ಚಿಗೆ ಯಾವಾಗ ಹೋಗುತ್ತೆ?"

"ಇನ್ನೂ ಮೂರು ತಿಂಗಳಿದೆ."

"ಆಯಿತು," ಎಂದು ಮೇಷ್ಟ್ರು ಎದ್ದು ನಿಂತರು. "ಮೂರು ತಿಂಗಳಲ್ಲಿ ಆ ಸಾಲು ಬದಲಾಗದಿದ್ದರೆ ನನ್ನ ಹೆಸರು..." ಎಂದು ಶುರುಮಾಡಿ, ಆ ಹೆಸರನ್ನು ಈಗ ಯಾರೂ ಬಳಸುತ್ತಿಲ್ಲವೆಂದು ನೆನಪಾಗಿ ಅರ್ಧಕ್ಕೇ ನಿಲ್ಲಿಸಿದರು.

"ಅದಕ್ಕೇನು ರೀ ಇಷ್ಟೊಂದು?" ಎಂದಳು ಹೆಂಡತಿ. "ಬೆಳಿಗ್ಗೆ ಎದ್ದು ಕೈಗೆ ಸಿಕ್ಕಿದ್ದು ಹಾಕ್ಕೊಂಡು ಹೋಗಿ. ಮುಗೀತು."

"ಕೈಗೆ ಸಿಕ್ಕಿದ್ದು! ಮನುಷ್ಯನ ಕೈ ಅಭ್ಯಾಸದ ದಾಸ ಕಣೇ. ಮೂರು ವಾರದಲ್ಲಿ ಮತ್ತೆ ಅದೇ ಕ್ರಮಕ್ಕೆ ಬಂದು ಕೂರುತ್ತೆ. ಕ್ರಮ ತಪ್ಪಿಸಬೇಕು ಅಂದ್ರೂ ಅದಕ್ಕೊಂದು ಶಿಸ್ತು ಬೇಕು!"

ಯೋಜನೆ ಹೀಗೆ ಹುಟ್ಟಿತು. ಹೆಂಡತಿ ನಿಟ್ಟುಸಿರು ಬಿಟ್ಟು ಗುಂಡುಸೂಜಿಗಳನ್ನು ಮತ್ತೆ ಬಾಯಿಗೆ ಸೇರಿಸಿದಳು.

ಹಳೆಯ ಉತ್ತರಪತ್ರಿಕೆಯೊಂದರ ಹಿಂಭಾಗದಲ್ಲಿ ಮೇಷ್ಟ್ರು ಲೆಕ್ಕಕ್ಕೆ ಕೂತರು. ಐದು ಶರ್ಟು, ಮೂರು ಪ್ಯಾಂಟು: ಹದಿನೈದು ಜೋಡಿ. ಚೆನ್ನಾಗಿದೆ. ಆದರೆ ವಾರಕ್ಕೆ ಶಾಲೆ ಐದು ದಿನ. ಐದು ಶರ್ಟನ್ನು ಸರದಿಯಲ್ಲಿ ಹಾಕಿದರೆ ನೀಲಿ ಮತ್ತೆ ಸೋಮವಾರಕ್ಕೇ ಬರುತ್ತದೆ! ಕಾವಲುಗಾರ ನೋಡುವುದು ಶರ್ಟನ್ನು. ಹಾಗಾದರೆ ಆರು ಶರ್ಟು? ಬೇಡ, ಪ್ಯಾಂಟು ಮೂರಿದ್ದರೂ ನಾಲ್ಕಾದರೂ, ಆರು ಎನ್ನುವುದು ನಾಲ್ಕಕ್ಕೂ ನೆಂಟ, ಮೂರಕ್ಕೂ ನೆಂಟ. ಬೇಗ ಬೇಗ ಮರಳಿ ಬಂದುಬಿಡುತ್ತದೆ. ಏಳು! ಏಳಕ್ಕೆ ಯಾರ ಹಂಗೂ ಇಲ್ಲ. ಏಳು ಶರ್ಟು, ನಾಲ್ಕು ಪ್ಯಾಂಟು, ಮೇಲೆ ಹಾಕಿಕೊಳ್ಳಲು ಮೂರು ಬಗೆ. ದಿನಕ್ಕೊಂದರಂತೆ ಮೂರೂ ಸಾಲುಗಳು ಒಟ್ಟಿಗೆ ಮುಂದಕ್ಕೆ ಉರುಳಿದರೆ ಏಳು ನಾಲ್ಕಲಿ ಇಪ್ಪತ್ತೆಂಟು, ಇಪ್ಪತ್ತೆಂಟು ಮೂರಲಿ ಎಂಬತ್ನಾಲ್ಕು!

"ಎಂಬತ್ನಾಲ್ಕು ದಿನ!" ಮೇಷ್ಟ್ರು ಕೂಗಿದ ರಭಸಕ್ಕೆ ಮಗಳು ಕೋಣೆಯಿಂದ ಓಡಿಬಂದಳು. "ಒಂದು ದಿನ ಹಾಕಿದ ವೇಷ ಇನ್ನೊಂದು ದಿನ ಇಲ್ಲ! ಒಂದು ಜೋಡಿಯೂ ಬಿಟ್ಟುಹೋಗಲ್ಲ, ಒಂದೂ ಮರುಕಳಿಸಲ್ಲ! ಹದಿನಾಲ್ಕು ಬಟ್ಟೆ, ಎಂಬತ್ನಾಲ್ಕು ಮನುಷ್ಯರು!"

"ಒಬ್ಬರನ್ನ ಸಂಭಾಳಿಸೋದೇ ಕಷ್ಟ ಆಗಿದೆ," ಎಂದಳು ಹೆಂಡತಿ.

ಇರುವುದು ಎಂಟು ಬಟ್ಟೆ, ಬೇಕಾದದ್ದು ಹದಿನಾಲ್ಕು. ಶನಿವಾರ ಬೆಳಿಗ್ಗೆ ಮೂವರೂ ಹಳೇ ಬಟ್ಟೆಯ ಅಂಗಡಿಗೆ ಹೊರಟರು. ಬಸ್ ನಿಲ್ದಾಣದ ಹಿಂದೆ, ಚಪ್ಪಲಿ ರಿಪೇರಿಯವನ ಪಕ್ಕದಲ್ಲಿದ್ದ ಆ ಅಂಗಡಿ ಒಂದು ಕಾಲದಲ್ಲಿ ಬೇಕರಿ. ಬ್ರೆಡ್ಡು ಜೋಡಿಸುತ್ತಿದ್ದ ಓರೆ ಕಪಾಟುಗಳಲ್ಲಿ ಈಗ ಸ್ವೆಟರುಗಳು ಮಲಗಿದ್ದವು. ಒಲೆಯ ಗೂಡಿನಲ್ಲಿ ಬಟ್ಟೆ ಹಾಕಿ ನೋಡಲು ಕನ್ನಡಿ. ಅಂಗಡಿಯ ಒಡತಿ ನಿವೃತ್ತ ನರ್ಸು. ಬಂದವರನ್ನು ಗಿರಾಕಿಗಳೆಂದು ಅಲ್ಲ, ರೋಗಿಗಳೆಂದೇ ನೋಡುವ ಅಭ್ಯಾಸ ಆಕೆಯನ್ನು ಬಿಟ್ಟಿರಲಿಲ್ಲ.

"ಏನು ತೊಂದರೆ?" ಎಂದು ಕೇಳಿದರು.

"ಎರಡು ಶರ್ಟು, ಒಂದು ಪ್ಯಾಂಟು, ಮೇಲಕ್ಕೆ ಮೂರು," ಎಂದರು ಮೇಷ್ಟ್ರು.

"ಎಷ್ಟು ದಿನದಿಂದ ಈ ಬೂದು ಬಣ್ಣ?"

"ಹತ್ತೊಂಬತ್ತು ವರ್ಷದಿಂದ."

"ಅಷ್ಟು ತಡ ಮಾಡಬಾರದಿತ್ತು. ಕೈ ಎತ್ತಿ. ಉಸಿರು ಬಿಡಿ. ಆ ಕಡೆ ತಿರುಗಿ."

ಆಮೇಲೆ ನಡೆದದ್ದನ್ನು ಬೇಟೆ ಎನ್ನಬೇಕು. ಮೇಷ್ಟ್ರು ರಾಶಿಯೊಳಗೆ ಮೊಣಕೈವರೆಗೆ ಇಳಿದರು. ಗುಲಾಬಿ ಬಣ್ಣದ ಶರ್ಟೊಂದು ಸಿಕ್ಕಿತು, ಗುಂಡಿಗಳು ಕಪ್ಪೆಚಿಪ್ಪಿನವು. ಕಿತ್ತಳೆ ಹೂಗಳ ಇನ್ನೊಂದು ಶರ್ಟು ತಾನಾಗಿಯೇ ಅವರ ಹೆಗಲ ಮೇಲೆ ಬಿತ್ತು. ಮಗಳು ಗಿಳಿಹಸಿರು ಕಾರ್ಡುರಾಯ್ ಪ್ಯಾಂಟು ಎಳೆದು ತಂದು, "ಅಪ್ಪಾ, ಇದು!" ಎಂದು ಕುಣಿದಳು. ನೇರಳೆ ಸ್ವೆಟರ್ ಸಿಕ್ಕಿತು. ಚೌಕುಳಿಯ ತೋಳಿಲ್ಲದ ಅರ್ಧ ಕೋಟು ಸಿಕ್ಕಿತು. ಜೀವನದಲ್ಲಿ ಬಟ್ಟೆ ಎಂಬುದು ಇಷ್ಟು ಸಂತೋಷ ಕೊಡುತ್ತದೆಂದು ಇಷ್ಟು ದಿನ ಯಾಕೆ ಯಾರೂ ಹೇಳಲಿಲ್ಲ?

"ನೋಡಿದ ತಕ್ಷಣ ತಗೋಬೇಡಿ, ಒಳಮೈ ನೋಡಿ," ಎನ್ನುತ್ತಾ ಹೆಂಡತಿ ಪ್ರತಿಯೊಂದನ್ನೂ ತಿರುವಿ ಹೊಲಿಗೆ ಎಳೆದು ನೋಡುತ್ತಿದ್ದಳು. ಕೊನೆಯ ಕೊಕ್ಕೆಯಲ್ಲಿ ಸಾಸಿವೆ ಬಣ್ಣದ ಕೋಟೊಂದು ಗೋಡೆಗೆ ಮುಖ ಮಾಡಿ ನೇತಾಡುತ್ತಿತ್ತು. ಅದನ್ನು ತಿರುವಿದವಳೇ ನಿಂತುಬಿಟ್ಟಳು. "ರೀ, ಬನ್ನಿ ಇಲ್ಲಿ! ಈ ಅಸ್ತರು ನೋಡಿ. ಪೂರ್ತಿ ಕೈಹೊಲಿಗೆ. ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟಿದೆ. ಯಾವ ಪುಣ್ಯಾತ್ಮ ಹೊಲಿದನೋ!"

"ಅದು ವಾದ್ಯಗೋಷ್ಠಿಯಲ್ಲಿ ಪಿಟೀಲು ನುಡಿಸ್ತಿದ್ದವರದ್ದು," ಎಂದರು ನರ್ಸಮ್ಮ. "ಎಡ ಹೆಗಲು ಸ್ವಲ್ಪ ಸವೆದಿದೆ. ಬೇರೆ ಎಲ್ಲಾ ಆರೋಗ್ಯವಾಗಿದೆ."

ಮೇಷ್ಟ್ರು ಕೋಟು ತೊಟ್ಟು ಒಲೆಗೂಡಿನ ಕನ್ನಡಿಯ ಮುಂದೆ ನಿಂತರು. ತೋಳು ಬೆರಳ ತುದಿವರೆಗೆ ಬಂದಿತ್ತು. ಆದರೂ ಕನ್ನಡಿಯೊಳಗೆ ನಿಂತಿದ್ದವನು ಯಾರೋ ಬೇರೆ. ಹೆಂಡತಿ ಹಿಂದಿನಿಂದ ಬಂದು ತೋಳನ್ನು ಮಡಿಸಿ ಹಿಡಿದು, ಹೆಗಲ ಮೇಲೆ ಕೈಯಾಡಿಸಿ, "ಚೆನ್ನಾಗಿದೆ," ಎಂದಳು. ಇಬ್ಬರೂ ಒಂದೇ ಕನ್ನಡಿಯಲ್ಲಿ ನಿಂತು ಎಷ್ಟು ವರ್ಷವಾಗಿತ್ತೋ. ಮೇಷ್ಟ್ರಿಗೆ ಸುಮ್ಮಸುಮ್ಮನೆ ಖುಷಿಯಾಯಿತು. ಆ ಖುಷಿಯಲ್ಲಿ, ಬೇಕಿಲ್ಲದಿದ್ದರೂ, ಒಂದೇ ದಾರದಲ್ಲಿ ಕಟ್ಟಿದ್ದ ಐದು ಟೋಪಿಗಳನ್ನೂ ಎತ್ತಿಕೊಂಡರು.

"ಟೋಪಿ ಯಾಕೆ?"

"ಶನಿವಾರ ಭಾನುವಾರಕ್ಕೆ! ಮನೆಯಲ್ಲಿ ಮೂರು ಟೀ ಶರ್ಟು, ಎರಡು ಜೀನ್ಸು ಇದೆ. ಐದು ಟೋಪಿ ಸೇರಿದರೆ ಮೂವತ್ತು!"

"ನರ್ಸಮ್ಮ," ಎಂದಳು ಹೆಂಡತಿ, "ಇವರಿಗೆ ಇದು ಎಷ್ಟು ದಿನ ಇರುತ್ತೆ?"

"ಹೇಳೋಕಾಗಲ್ಲ. ಚಳಿಜ್ವರದ ಥರ, ಏರಿ ಇಳಿಯಬೇಕು," ಎಂದರು ಅವರು.

ಆ ವಾರವಿಡೀ ಹೊಲಿಗೆ ಯಂತ್ರಕ್ಕೆ ಬಿಡುವಿರಲಿಲ್ಲ. ತೋಳು ಮೇಲಕ್ಕೇರಿತು, ಹಸಿರು ಪ್ಯಾಂಟಿನ ಸೊಂಟ ಒಳಗೆ ಬಂತು, ಬೀದಿಯವರ ಬಟ್ಟೆಗಳು ಮೂಲೆಯಲ್ಲಿ ಕಾದು ಕೂತವು. ಹೆಂಡತಿ ಬೈಯುತ್ತಲೇ ಹೊಲಿದಳು. ಬೈಗುಳ ಕಡಿಮೆಯಾದಾಗಲೆಲ್ಲ ಹಾಡು ಗುನುಗುತ್ತಿದ್ದಳು, ಅದನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಮೇಷ್ಟ್ರು ಬೀರುವಿನ ಬಾಗಿಲ ಒಳಬದಿಗೆ ಎಂಬತ್ನಾಲ್ಕು ಮನೆಗಳ ಒಂದು ಕೋಷ್ಟಕ ಅಂಟಿಸಿದರು. ರಜೆ ಬಂದರೆ ಸರದಿ ನಿಲ್ಲಬೇಕು, ಮರುದಿನ ಅಲ್ಲಿಂದಲೇ ಮುಂದುವರಿಯಬೇಕು ಎಂಬ ನಿಯಮವನ್ನು ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಗೆರೆ ಎಳೆದರು.

ಮೊದಲ ದಿನ: ನೀಲಿ ಶರ್ಟು, ಕಪ್ಪು ಪ್ಯಾಂಟು, ಸಾಸಿವೆ ಕೋಟು. ಕಾವಲುಗಾರ ಕೊರಳ ಬಳಿ ನೀಲಿಯನ್ನು ಹುಡುಕಿ ಕಷ್ಟಪಟ್ಟು 'ಸೋಮವಾರ' ಎಂದು ಬರೆದ. ಅದು ಸೋಮವಾರವೇ ಆಗಿತ್ತು, ಅವನ ಅದೃಷ್ಟ. ಆದರೆ ಆ ವಾರ ಮುಗಿದು ಮುಂದಿನ ಸೋಮವಾರ ಮೇಷ್ಟ್ರು ಗುಲಾಬಿ ಶರ್ಟು, ಬೂದು ಪ್ಯಾಂಟು, ನೇರಳೆ ಸ್ವೆಟರಿನಲ್ಲಿ ಬಂದಿಳಿದಾಗ ಅವನ ಕೈಯಿಂದ ಸೀಮೆಸುಣ್ಣ ಜಾರಿ ಬಿತ್ತು.

"ಸಾರ್, ಇದು ಯಾವ ವಾರ ಸಾರ್?"

"ನೀನೇ ಕಂಡುಹಿಡಿ!" ಎಂದು ಮೇಷ್ಟ್ರು ಗಾಳಿಯಲ್ಲಿ ತೇಲುತ್ತಾ ಒಳಗೆ ಹೋದರು. ಹಲಗೆ ಆ ದಿನ ಖಾಲಿ ಉಳಿಯಿತು. ಹೆಡ್ ಮೇಡಂ ಹತ್ತು ವರ್ಷದಲ್ಲಿ ಮೊದಲ ಬಾರಿಗೆ ಗೋಡೆಯ ಕ್ಯಾಲೆಂಡರಿನ ಧೂಳು ಒರೆಸಿದರು. ಪಕ್ಕದ ಮನೆಯವರ ಕಸದ ಬುಟ್ಟಿ ಮೂರು ದಿನ ತಪ್ಪು ದಿನಗಳಲ್ಲಿ ಹೊರಗೆ ಬಂದು, ಒಳಗೆ ಹೋಗಿ, ಕೊನೆಗೆ ಹೊರಗೇ ಉಳಿಯಿತು.

ಎಂಥ ದಿನಗಳು ಅವು! ಬೆಳಿಗ್ಗೆ ಅಲಾರಾಂ ಹೊಡೆಯುವ ಮೊದಲೇ ಮೇಷ್ಟ್ರಿಗೆ ಎಚ್ಚರವಾಗುತ್ತಿತ್ತು. ಇಂಗ್ಲಿಷ್ ಟೀಚರ್ ಕೋಟಿನ ಅಂಗಡಿ ವಿಳಾಸ ಕೇಳಿದರು. ವಿಜ್ಞಾನದ ಮೇಷ್ಟ್ರು ತಮ್ಮ ಶರ್ಟನ್ನು ತಾವೇ ಎರಡು ಸಲ ನೋಡಿಕೊಂಡರು. ಭಾನುವಾರ ಟೋಪಿ ಹಾಕಿಕೊಂಡು ಹೋದಾಗ ತರಕಾರಿ ಅಂಗಡಿಯವನು ಗುರುತು ಸಿಗದೆ 'ನೀವು' ಎಂದು ಮಾತಾಡಿಸಿದ, ತರಕಾರಿಯನ್ನೂ ತಾಜಾ ನೋಡಿ ಕೊಟ್ಟ. ಪಾಠ ಹೇಳುವಾಗಲೂ ಮೇಷ್ಟ್ರ ಕೈ ಹಲಗೆಯ ಮೇಲೆ ಕುಣಿಯುತ್ತಿತ್ತು. ಮಕ್ಕಳು ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದರು. ಕೆಲವರು ನೋಡಿದ್ದನ್ನು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳುತ್ತಿದ್ದರು. ಇಷ್ಟು ಗಮನ ಮೇಷ್ಟ್ರಿಗೆ ಇಡೀ ವೃತ್ತಿಜೀವನದಲ್ಲಿ ಸಿಕ್ಕಿರಲಿಲ್ಲ.

ಇಪ್ಪತ್ನಾಲ್ಕನೆಯ ದಿನ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಎರಡು ಜಡೆ, ದಪ್ಪ ಕನ್ನಡಕ.

"ಸರ್, ಒಂದು ಡೌಟು. ಏಳು ಬಣ್ಣದ ಒಂದು ಸಾಲು, ನಾಲ್ಕು ಬಣ್ಣದ ಒಂದು ಸಾಲು, ಮೂರು ಬಣ್ಣದ ಒಂದು ಸಾಲು, ಮೂರೂ ಒಟ್ಟಿಗೆ ತಿರುಗ್ತಾ ಇದ್ರೆ, ಮೊದಲಿನ ಜೋಡಿ ಮತ್ತೆ ಯಾವಾಗ ಬರುತ್ತೆ ಸರ್?"

ಮೇಷ್ಟ್ರ ಮುಖ ಬೆಳಗಿತು. ಲ.ಸಾ.ಅ. ಎಂದರೆ ಆಕಳಿಸುವ ಮಕ್ಕಳ ನಡುವೆ ಇಂಥ ಪ್ರಶ್ನೆ!

"ಶಭಾಷ್! ಇದು ನೋಡಿ ಪ್ರಶ್ನೆ ಅಂದ್ರೆ! ಏಳು, ನಾಲ್ಕು, ಮೂರರ ಲ.ಸಾ.ಅ. ಎಷ್ಟು? ಎಂಬತ್ನಾಲ್ಕು! ಎಂಬತ್ತೈದನೇ ದಿನ ಮತ್ತೆ ಮೊದಲಿನದೇ!"

"ಹಾಗಾದ್ರೆ ಐವತ್ತನೇ ದಿನ ಏನು ಬರುತ್ತೆ ಅಂತ ಈಗಲೇ ಹೇಳಬಹುದಾ ಸರ್?"

"ಯಾಕಾಗಲ್ಲ? ಐವತ್ತನ್ನ ಏಳರಿಂದ ಭಾಗಿಸು, ಶೇಷ ಒಂದು. ನಾಲ್ಕರಿಂದ ಭಾಗಿಸು, ಶೇಷ ಎರಡು. ಮೂರರಿಂದ, ಶೇಷ ಎರಡು. ಮೊದಲ ಸಾಲಿನ ಒಂದನೇ ಬಣ್ಣ, ಉಳಿದೆರಡು ಸಾಲಿನ ಎರಡನೇ ಬಣ್ಣ! ಯಾವ ದಿನ ಬೇಕಾದ್ರೂ ಕೇಳು, ಹೇಳ್ತೀನಿ."

ಇಡೀ ತರಗತಿ ಭರಭರನೆ ಬರೆದುಕೊಂಡಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಮೇಷ್ಟ್ರ ಮಗಳು ಮಾತ್ರ ಡೆಸ್ಕಿನ ಕೆಳಗೆ ಬಗ್ಗಿ ಏನನ್ನೋ ಹುಡುಕುತ್ತಿದ್ದಳು. ಮನೆಗೆ ಬಂದ ಮೇಷ್ಟ್ರು ಊಟ ಮಾಡುತ್ತಾ ಮಾಡುತ್ತಾ, "ಈ ಪೀಳಿಗೆಯ ಬಗ್ಗೆ ನನಗೆ ಭರವಸೆ ಬಂದಿದೆ," ಎಂದರು. ಮಗಳಿಗೆ ನೆತ್ತಿಗೆ ಹತ್ತಿತು.

ಇಪ್ಪತ್ತೆಂಟನೆಯ ದಿನ ಮನೆಯಲ್ಲಿ ದೊಡ್ಡ ಜಗಳವಾಯಿತು. ಸರದಿಯ ಪ್ರಕಾರ ಅವತ್ತು ಬಂದದ್ದು ಕಿತ್ತಳೆ ಹೂಗಳ ಶರ್ಟು, ಗಿಳಿಹಸಿರು ಪ್ಯಾಂಟು, ಸಾಸಿವೆ ಕೋಟು.

"ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಹೀಗೆ ಹೊರಗೆ ಹೋಗಬೇಡಿ. ಒಂದು ಪ್ಯಾಂಟು ಬದಲಾಯಿಸಿ ಸಾಕು."

"ಬದಲಾಯಿಸಿದ್ರೆ ನಾಳೆಯಿಂದ ಎಲ್ಲಾ ಅಸ್ತವ್ಯಸ್ತ!"

"ಅಸ್ತವ್ಯಸ್ತ ಆಗಲಿ ಅಂತ ತಾನೇ ಶುರು ಮಾಡಿದ್ದು?"

"ಸರದಿ ಅಂದ್ರೆ ಸರದಿ," ಎಂದು ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡರು.

"ಆ ಕೋಟಿನ ತೋಳು ಮಡಿಸಿದವಳು ನಾನು. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳಬೇಡಿ," ಎಂದು ಆಕೆ ಬಾಗಿಲು ಹಾಕಿಕೊಂಡಳು.

ಆದರೆ ಶಾಲೆಯ ಗೇಟಿನಲ್ಲಿ ಏನಾಶ್ಚರ್ಯ! ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳು ಸಾಲಾಗಿ ಕಾಯುತ್ತಿದ್ದರು. ಮೇಷ್ಟ್ರು ತಿರುವಿನಲ್ಲಿ ಕಾಣಿಸಿಕೊಂಡದ್ದೇ ತಡ, "ಬಂತು! ಬಂತು! ಸರಿಯಾಗಿ ಬಂತು!" ಎಂಬ ಕೂಗು, ಚಪ್ಪಾಳೆ, ಶಿಳ್ಳೆ. ಎರಡು ಜಡೆಯ ಹುಡುಗಿಯನ್ನು ಗೆಳತಿಯರು ಎತ್ತಿ ಕುಣಿಸುತ್ತಿದ್ದರು. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಹೆಂಡತಿಗೆ ಸಂಜೆ ಹೇಳಿದರು: "ನೀನು ಹೊಲಿಯೋದು ಬಲ್ಲೆ, ಉಡೋದರ ಮರ್ಮ ಮಕ್ಕಳಿಗೆ ಗೊತ್ತು."

ಸಂಚಿಕೆ ಬಿಡುಗಡೆಯಾದದ್ದು ಎಪ್ಪತ್ತೆರಡನೆಯ ದಿನ. ಕೆನೆ ಬಣ್ಣದ ಶರ್ಟು, ಗಿಳಿಹಸಿರು ಪ್ಯಾಂಟು, ನೇರಳೆ ಸ್ವೆಟರಿನಲ್ಲಿ ಮೇಷ್ಟ್ರು ಮೊದಲ ಸಾಲಿನಲ್ಲೇ ಕೂತರು. ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಸಂಚಿಕೆಯ ಪ್ರತಿ ಕೈಗೆ ಬಂದಾಗ ಹೊಸ ಕಾಗದದ ವಾಸನೆ. ಹಾಳೆ ತಿರುವಿದರು. ಹೆಡ್ ಮೇಡಂ, ಇಂಗ್ಲಿಷ್ ಟೀಚರ್, ವಿಜ್ಞಾನದ ಮೇಷ್ಟ್ರು. ಎಲ್ಲರಿಗೂ ಅರ್ಧ ಪುಟ. ಮೇಷ್ಟ್ರಿಗೆ ಎರಡು ಪೂರ್ತಿ ಪುಟ! ಎದೆ ಉಬ್ಬಿತು. ಫೋಟೋ ಕೆಳಗಿನ ಸಾಲಿಗೆ ಕಣ್ಣು ಇಳಿಯಿತು.

'ನಮ್ಮ ಕ್ಯಾಲೆಂಡರ್. ಪರಿಷ್ಕೃತ, ವಿಸ್ತೃತ ಆವೃತ್ತಿ. ಹಿಂದೆ ವಾರ ಮಾತ್ರ ತಿಳಿಯುತ್ತಿತ್ತು, ಈಗ ತಾರೀಖೂ ತಿಳಿಯುತ್ತದೆ.'

ಎದುರು ಪುಟದಲ್ಲಿ ಶಾಲಾ ವರ್ಷ ಮುಗಿಯುವ ತನಕದ ಕೋಷ್ಟಕ. ತಾರೀಖು, ಶರ್ಟು, ಪ್ಯಾಂಟು, ಮೇಲುಡುಪು. ರಜೆಗಳನ್ನು ಬಿಟ್ಟು, ಒಂದು ತಪ್ಪಿಲ್ಲದೆ. ಮೇಷ್ಟ್ರು ಆ ದಿನದ ತಾರೀಖಿನ ಮೇಲೆ ಬೆರಳಿಟ್ಟು ಓದಿದರು: ಕೆನೆ, ಗಿಳಿಹಸಿರು, ನೇರಳೆ. ತಲೆ ಬಗ್ಗಿಸಿ ತಮ್ಮನ್ನು ತಾವೇ ನೋಡಿಕೊಂಡರು.

"ಅದ್ಭುತ!" ಎಂದು ಹೆಡ್ ಮೇಡಂ ವೇದಿಕೆಯಿಂದಲೇ ಹೊಗಳಿದರು. "ಮಕ್ಕಳಿಗೆ ಶೇಷದ ಲೆಕ್ಕ ಇಷ್ಟು ಚೆನ್ನಾಗಿ ಕಲಿಸಿದ ಮೇಷ್ಟ್ರು ಬೇರೆ ಇಲ್ಲ. ಸ್ವಂತ ಮೈಮೇಲೆ ಹಾಕ್ಕೊಂಡು ಕಲಿಸಿದ್ದಾರೆ!"

ಚಪ್ಪಾಳೆ ನಿಲ್ಲಲಿಲ್ಲ. ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ಮೇಷ್ಟ್ರು ಸಂಚಿಕೆಯನ್ನು ಫಟ್ಟನೆ ಮುಚ್ಚಿದರು.

ಮನೆಯಲ್ಲಿ ಆ ಸಂಜೆ ಅವರು ಕೋಷ್ಟಕವನ್ನು ಬೀರುವಿನಿಂದ ಕಿತ್ತೆಸೆದರು. "ಮುಗೀತು! ನಾಳೆ ಅವರ ಪಟ್ಟಿಯಲ್ಲಿ ಏನಿದೆಯೋ ಅದು ಬಿಟ್ಟು ಬೇರೆ ಏನಾದ್ರೂ ಹಾಕ್ತೀನಿ. ನೋಡೋಣ ಯಾರು ಕಂಡುಹಿಡೀತಾರೆ!"

ಮಾರನೆ ಬೆಳಿಗ್ಗೆ ಬೀರು ತೆರೆದು ನಿಂತರು. ಹತ್ತು ನಿಮಿಷ. ಇಪ್ಪತ್ತು ನಿಮಿಷ. ಕೈ ಗುಲಾಬಿಯ ಕಡೆ ಹೋದರೆ, ನಿನ್ನೆ ಕೆನೆ ಆಗಿದ್ದರಿಂದ ಇದು ನಾಲ್ಕು ಸ್ಥಾನ ಮುಂದೆ ಎಂದು ಮನಸ್ಸು ಹೇಳುತ್ತಿತ್ತು. ಬೂದಿನ ಕಡೆ ಹೋದರೆ ಮೂರು ಸ್ಥಾನ. ಕಣ್ಣು ಮುಚ್ಚಿದರೆ ಅಂಕಿಗಳು ಇನ್ನೂ ಸ್ಪಷ್ಟವಾಗಿ ಕಾಣುತ್ತಿದ್ದವು. ಬೆವರು ಬಂತು.

"ಏನೇ, ಬಾ ಇಲ್ಲಿ. ನೀನೇ ಏನಾದ್ರೂ ಆರಿಸಿಕೊಡು. ನಿನಗೆ ಲೆಕ್ಕ ಬರಲ್ಲ, ಯಾರೂ ಊಹಿಸೋಕಾಗಲ್ಲ."

ಲೆಕ್ಕ ಬರುವುದಿಲ್ಲ ಎಂಬ ಮಾತಿಗೆ ಬೇರೆ ದಿನವಾಗಿದ್ದರೆ ತಕ್ಕ ಉತ್ತರ ಸಿಗುತ್ತಿತ್ತು. ಆ ದಿನ ಆಕೆ ನಗುತ್ತಲೇ ಬಿಳಿ ಶರ್ಟು, ನೇವಿ ನೀಲಿ ಪ್ಯಾಂಟು ತೆಗೆದು ಕೈಗಿಟ್ಟಳು. "ಮೇಲೆ ಏನೂ ಬೇಡ. ಮದುವೆಯಾದಾಗಿನಿಂದ ಹೇಳ್ತಾನೇ ಇದ್ದೀನಿ, ನಿಮಗೆ ಒಪ್ಪೋದು ಇದೊಂದೇ. ಒಂದು ದಿನ ಆದ್ರೂ ಕೇಳಿದ್ದೀರಾ?"

ಕನ್ನಡಿಯಲ್ಲಿ ನೋಡಿಕೊಂಡರೆ ನಿಜಕ್ಕೂ ಚೆನ್ನಾಗಿತ್ತು. ಮೇಷ್ಟ್ರು ಎದೆಯೆತ್ತಿ ಹೊರಟರು. ಮನಸ್ಸಿನ ಒಂದು ಮೂಲೆ ಮಾತ್ರ ದಾರಿಯುದ್ದಕ್ಕೂ ಪಿಸುಗುಡುತ್ತಿತ್ತು: ಇವತ್ತು ಸರದಿ ತಪ್ಪಿದೆ, ಆದ್ದರಿಂದ ಇದನ್ನು ರಜೆಯೆಂದು ಪರಿಗಣಿಸಬೇಕು. ನಾಳೆಯಿಂದ ಎಪ್ಪತ್ಮೂರು. ಕಂದು ಗೆರೆ, ಕಪ್ಪು, ಸಾಸಿವೆ ಕೋಟು.

ಗೇಟಿನ ಹಲಗೆಯ ಮೇಲೆ ವಾರ, ತಾರೀಖು, ತಿಂಗಳು ಎಲ್ಲವೂ ಆಗಲೇ ಬರೆದಾಗಿತ್ತು. ಕಾವಲುಗಾರ ಸಂಚಿಕೆಗೆ ದಾರ ಕಟ್ಟಿ ತನ್ನ ಗೂಡಿನಲ್ಲಿ ನೇತುಹಾಕಿಕೊಂಡಿದ್ದ. ಮೇಷ್ಟ್ರು ಗೆದ್ದವರಂತೆ ಅವನ ಮುಂದೆ ನಿಂತರು.

"ಏನಪ್ಪಾ, ಪಟ್ಟಿ ತಪ್ಪಾಯ್ತಲ್ಲ?"

"ಇಲ್ವಲ್ಲ ಸಾರ್. ಕೆಳಗೆ ಸಣ್ಣಕ್ಷರದಲ್ಲಿರೋದು ನೀವು ಓದಿಲ್ವಾ?"

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಕೋಷ್ಟಕದ ಬುಡದಲ್ಲಿ ಹೀಗಿತ್ತು:

'ವಿಶೇಷ ಸೂಚನೆ: ಸಂಚಿಕೆ ಬಿಡುಗಡೆಯಾದ ಮರುದಿನ ಸರ್ ಸಿಟ್ಟಿನಿಂದ ಸರದಿ ಬಿಟ್ಟು, ಮನೆಯಲ್ಲಿ ಆರಿಸಿಕೊಟ್ಟದ್ದನ್ನು ಹಾಕಿಕೊಂಡು ಬರುತ್ತಾರೆ. ಬಿಳಿ ಶರ್ಟು, ನೇವಿ ನೀಲಿ ಪ್ಯಾಂಟು, ಮೇಲೆ ಏನೂ ಇಲ್ಲ. ಆ ದಿನವನ್ನು ರಜೆಯೆಂದು ಪರಿಗಣಿಸಲಾಗಿದೆ. ಅದರ ಮರುದಿನದಿಂದ ಎಪ್ಪತ್ಮೂರು.'

ಬರೆದವರ ಹೆಸರು ಹಾಕಿರಲಿಲ್ಲ. ಬೇವಿನ ಮರದ ಹಿಂದೆ ಎರಡು ಜಡೆಯ ಹುಡುಗಿಯ ಪಕ್ಕದಲ್ಲಿ ನಿಂತಿದ್ದ ಮಗಳು ಮಾತ್ರ ಅಪ್ಪನ ಕಣ್ಣು ತಪ್ಪಿಸಿ ಎಲೆಗಳನ್ನು ಎಣಿಸುತ್ತಿದ್ದಳು.

"ಸರಿ ಇದೆಯಾ ಸಾರ್?" ಎಂದು ಕಾವಲುಗಾರ ಕೇಳಿದ.

ಮೇಷ್ಟ್ರು ಇನ್ನೊಮ್ಮೆ ಓದಿದರು. ಎಪ್ಪತ್ಮೂರನ್ನು ಮನಸ್ಸಿನಲ್ಲೇ ಏಳರಿಂದ, ನಾಲ್ಕರಿಂದ, ಮೂರರಿಂದ ಭಾಗಿಸಿ ನೋಡಿದರು. ಎಲ್ಲೂ ತಪ್ಪು ಸಿಗಲಿಲ್ಲ. ಜೇಬಿನಿಂದ ಕೆಂಪು ಪೆನ್ನು ತೆಗೆದು ಪುಟದ ಅಂಚಿನಲ್ಲಿ ಒಂದು ಸರಿ ಗುರುತು ಹಾಕಿ ತರಗತಿಯ ಕಡೆ ನಡೆದರು.